ಕ್ಲಚ್ ಮೇಲೆ ಕಾಲು ನಡುಗಿದರೆ ಅದು ಹೃದಯದ ಕಾಯಿಲೆಯೇ?



ಕೆಲವು ತಿಂಗಳ ಹಿಂದೆ ಪುಣೆಯ ನನ್ನ ಕ್ಲಿನಿಕ್ಕಿಗೆ ಗದಗ ಕಡೆಯ ಮಹಿಳೆಯೊಬ್ಬರು ಬಂದರು. ವಯಸ್ಸು 46. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಈ ವಿಷಯ ಬರೆಯುತ್ತಿದ್ದೇನೆ.

ಅವರ ಯಜಮಾನರಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದೆವು. ಅಟ್ಯಾಕ್ ಆದ ರಾತ್ರಿ ಯಜಮಾನರು ಎದೆನೋವಿನಲ್ಲೇ ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಬಂದಿದ್ದರು. ಪಕ್ಕದ ಸೀಟಿನಲ್ಲಿದ್ದ ಇವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅವತ್ತೇ ಇವರು ಕಾರು ಕಲಿಯುವ ನಿಶ್ಚಯ ಮಾಡಿ, ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಒಂಬತ್ತು ಕ್ಲಾಸ್ ಆದ ಮೇಲೆ ಬಿಟ್ಟುಬಿಟ್ಟರು.

"ಸ್ಟೇರಿಂಗ್ ಹಿಡಿದ ಕೂಡ್ಲೇ ಎದಿ ಡವಡವ ಅಂತದ್ರಿ. ಕೈ ಬೆವರ್ತಾವ, ಎಡಗಾಲು ಕ್ಲಚ್ ಮ್ಯಾಲೆ ಗಡಗಡ ನಡುಗ್ತದ. ನನಗೂ ಅವರಂಗ ಹಾರ್ಟಿನ ತ್ರಾಸ ಶುರು ಆಗೇದೇನು?"

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ನಲವತ್ತರ ನಂತರ, ಪರಊರಿನಲ್ಲಿ, ಪರಭಾಷೆಯ ಮೇಷ್ಟ್ರ ಹತ್ತಿರ ಕಾರು ಕಲಿಯುವ ಎಷ್ಟೋ ಜನ ಇದೇ ಭಯಕ್ಕೆ ಅರ್ಧಕ್ಕೇ ಬಿಡುತ್ತಾರೆ. ಅವರಿಗಾಗಿ ಈ ಲೇಖನ.

*ದೇಹದಲ್ಲಿ ಏನಾಗುತ್ತದೆ?*

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳಿವೆ. ಹೆದರಿಕೆಯಾದಾಗ ಅವು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಆಗ ಹೃದಯ ವೇಗವಾಗಿ ಬಡಿಯುತ್ತದೆ, ಅಂಗೈ ಬೆವರುತ್ತದೆ, ಸ್ನಾಯುಗಳು ಬಿಗಿಯಾಗಿ ನಡುಗುತ್ತವೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಇರಬೇಕಾದ ನಾಡಿ 120-130 ದಾಟಬಹುದು. ಓಡುವುದಕ್ಕೋ ಹೋರಾಡುವುದಕ್ಕೋ ದೇಹ ಮಾಡಿಕೊಳ್ಳುವ ತಯಾರಿ ಇದು.

ತೊಂದರೆ ಏನೆಂದರೆ, ಕ್ಲಚ್ ಬಿಡುವುದಕ್ಕೆ ಬೇಕಾದದ್ದು ಓಡುವ ಶಕ್ತಿಯಲ್ಲ, ಸೂಜಿಗೆ ದಾರ ಪೋಣಿಸುವಂಥ ನಾಜೂಕು. ಬಿಗಿಯಾದ ಕಾಲು ಕ್ಲಚ್ಚನ್ನು ಥಟ್ಟನೆ ಬಿಡುತ್ತದೆ, ಗಾಡಿ ಜಗ್ಗಿ ಬಂದ್ ಬೀಳುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಭಯ ಇನ್ನೂ ಏರುತ್ತದೆ. ಜೊತೆಗೆ ಉಸಿರು ಮೇಲಿಂದ ಮೇಲೆ ಆಡುವುದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳುಗಳೂ ತುಟಿಯ ಸುತ್ತಲೂ ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ. ಆಗ 'ಇದು ಹಾರ್ಟೇ' ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ.

ನನಗೂ ಇದು ಗೊತ್ತು. ಎಂ.ಡಿ. ಮುಗಿಸಿದ ಮೇಲೆ, ಮೂವತ್ತು ದಾಟಿದಾಗ ಕಾರು ಕಲಿತವನು ನಾನು. ಹಗಲೆಲ್ಲ ಬೇರೆಯವರ ಹೃದಯದ ರಕ್ತನಾಳಕ್ಕೆ ತಂತಿ ತೂರಿಸುತ್ತಿದ್ದ ಕೈ, ಸಂಜೆ ಗೇರ್ ಹಾಕುವಾಗ ನಡುಗುತ್ತಿತ್ತು. ಒಂದೇ ಸಿಗ್ನಲ್ಲಿನಲ್ಲಿ ಮೂರು ಸಲ ಗಾಡಿ ಬಂದ್ ಬಿದ್ದು, ದೀಪ ಮತ್ತೆ ಕೆಂಪಾದದ್ದು ಇನ್ನೂ ನೆನಪಿದೆ.

*ಭಯದ ಬಡಿತ ಯಾವುದು, ಕಾಯಿಲೆಯ ಬಡಿತ ಯಾವುದು?*

ಭಯದ ಬಡಿತ ಕಾರಣದ ಜೊತೆ ಬರುತ್ತದೆ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಕಾರಿನಿಂದ ಇಳಿದು ಹತ್ತು-ಹದಿನೈದು ನಿಮಿಷ ಕೂತರೆ ತಣ್ಣಗಾಗುತ್ತದೆ. ಮೆಟ್ಟಿಲು ಹತ್ತುವಾಗ, ಚುರುಕಾಗಿ ನಡೆಯುವಾಗ ಏನೂ ತೊಂದರೆ ಇರುವುದಿಲ್ಲ.

ಕೆಳಗಿನವು ಇದ್ದರೆ ಮಾತ್ರ ಭಯ ಎಂದು ತಳ್ಳಿಹಾಕಬೇಡಿ, ವೈದ್ಯರನ್ನು ಕಾಣಿ:

1. ಸುಮ್ಮನೆ ಕೂತಿದ್ದಾಗ ಸ್ವಿಚ್ ಹಾಕಿದಂತೆ ಬಡಿತ ಜೋರಾಗಿ, ಹಾಗೆಯೇ ಥಟ್ಟನೆ ನಿಲ್ಲುವುದು.
2. ಬಡಿತದ ಜೊತೆ ಕಣ್ಣು ಕತ್ತಲಾಗುವುದು, ಎಚ್ಚರ ತಪ್ಪುವುದು.
3. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದಂತಾಗುವುದು, ಏದುಸಿರು.
4. ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ.

ಎದೆಯ ನಡುವೆ ಭಾರ, ಒತ್ತಡ ಶುರುವಾಗಿ ಕೈಗೆ, ದವಡೆಗೆ ಹರಿದರೆ, ತಣ್ಣನೆ ಬೆವರು, ವಾಂತಿ ಬಂದಂತಾದರೆ ಕಾಯಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವಿಲ್ಲದೆ ಬರೀ ಸುಸ್ತು, ಉಸಿರಾಟದ ಕಷ್ಟವೂ ಇರಬಹುದು. ರೋಗಿ ಸ್ವತಃ ಗಾಡಿ ಓಡಿಸಲೇಬಾರದು. ನಡುದಾರಿಯಲ್ಲಿ ಎಚ್ಚರ ತಪ್ಪಿದರೆ ಎಲ್ಲರ ಜೀವಕ್ಕೂ ಅಪಾಯ. ಮಹಾರಾಷ್ಟ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಮೊದಲು 108ಕ್ಕೆ ಫೋನ್ ಮಾಡಿ. ದೇಶದಲ್ಲಿ ಎಲ್ಲಿದ್ದರೂ 112 ಇದೆ. ಆಂಬ್ಯುಲೆನ್ಸ್ ಸಿಗದಿದ್ದಾಗ ಪಕ್ಕದಲ್ಲಿ ಓಡಿಸಬಲ್ಲ ಇನ್ನೊಬ್ಬರು ಬೇಕು. ಆ ಇನ್ನೊಬ್ಬರಾಗಬೇಕೆಂಬುದೇ ಈ ತಾಯಿಯ ಹಂಬಲ.

ಅವರ ಇಸಿಜಿ, ಎಕೋ, ಬಿಪಿ, ಥೈರಾಯ್ಡ್ ಎಲ್ಲ ಸರಿಯಾಗಿದ್ದವು. ಮೂರು ಮಹಡಿ ಸಲೀಸಾಗಿ ಹತ್ತುತ್ತಿದ್ದರು. ಹಿಮೋಗ್ಲೋಬಿನ್ ಮಾತ್ರ 10 ಇತ್ತು. ರಕ್ತ ಕಡಿಮೆ ಇದ್ದರೂ ಬಡಿತ ಹೆಚ್ಚುತ್ತದೆ. ಕಾರಣ ಹುಡುಕಿ ಅದಕ್ಕೆ ಕಬ್ಬಿಣದ ಮಾತ್ರೆ ಕೊಟ್ಟೆ. ಉಳಿದದ್ದಕ್ಕೆ ಔಷಧಿ ಬೇಕಿರಲಿಲ್ಲ, ಅಭ್ಯಾಸ ಬೇಕಿತ್ತು.

*ನಾನು ಹೇಳಿದ್ದು ಇಷ್ಟು*

*ಸೀಟು ಸರಿಮಾಡಿ.* ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಕಾಲು ಚಾಚಿ ಒತ್ತಬೇಕಾದರೆ ಅದು ನಡುಗಿಯೇ ನಡುಗುತ್ತದೆ.

*ಮೊದಲು ಕ್ಲಚ್ ಒಂದನ್ನೇ ಕಲಿಯಿರಿ.* ಖಾಲಿ, ಸಮತಟ್ಟಾದ ಜಾಗದಲ್ಲಿ, ಮೇಷ್ಟ್ರು ಪಕ್ಕದಲ್ಲಿದ್ದಾಗ, ಫಸ್ಟ್ ಗೇರ್ ಹಾಕಿ, ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ಹಗೂರಕ ಬಿಡಿ. ಒಂದು ಹಂತದಲ್ಲಿ ಇಂಜಿನ್ನಿನ ದನಿ ಭಾರವಾಗುತ್ತದೆ, ಗಾಡಿ ಸಣ್ಣಗೆ ನಡುಗುತ್ತದೆ. ಅಲ್ಲೇ ಕಾಲು ಎರಡು ಸೆಕೆಂಡ್ ನಿಲ್ಲಿಸಿ. ಗಾಡಿ ತಾನೇ ತೆವಳುತ್ತದೆ. ಮತ್ತೆ ಕ್ಲಚ್ ಒತ್ತಿ, ಬ್ರೇಕ್ ಹಾಕಿ ನಿಲ್ಲಿಸಿ. ಇದನ್ನು ಇಪ್ಪತ್ತು ಸಲ ಮಾಡಿ. ಆ ಬಿಂದು ಕಾಲಿಗೆ ಗೊತ್ತಾದರೆ ಅರ್ಧ ಭಯ ಹೋಯಿತು.

*ಉಸಿರು ಉದ್ದ ಬಿಡಿ.* ಗಾಡಿ ಸ್ಟಾರ್ಟ್ ಮಾಡುವ ಮೊದಲು ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದಾರು ಸಲ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಸ್ಟೇರಿಂಗನ್ನು ಉಡದಂತೆ ಹಿಡಿಯಬೇಡಿ. ಭುಜ ಸಡಿಲ ಬಿಡಿ, ಬಾನೆಟ್ ಬದಲು ದೂರದ ರಸ್ತೆ ನೋಡಿ.

*ಅರ್ಧ ಗಂಟೆ ಸಾಕು, ಆದರೆ ದಿನಾ ಇರಲಿ.* ಭಯವಾಯಿತೆಂದು ವಾರ ಬಿಟ್ಟರೆ ಮೆದುಳು 'ತಪ್ಪಿಸಿಕೊಂಡೆ' ಎಂಬ ಪಾಠ ಕಲಿಯುತ್ತದೆ. ಲರ್ನಿಂಗ್ ಲೈಸೆನ್ಸ್ 6 ತಿಂಗಳು ನಡೆಯುತ್ತದೆ. 30 ದಿನದ ನಂತರ ಟೆಸ್ಟ್ ಕೊಡಬಹುದು ಅಷ್ಟೆ, ಆಗಲೇ ಕೊಡಬೇಕೆಂದೇನೂ ಇಲ್ಲ.

*ಭಾಷೆ ಮೊದಲೇ ಮಾತಾಡಿಕೊಳ್ಳಿ.* ಇವರ ಮೇಷ್ಟ್ರು ಮರಾಠಿಯಲ್ಲಿ "ಕ್ಲಚ್ ಸೋಡಾ, ಸೋಡಾ" ಎಂದು ಕೂಗುತ್ತಿದ್ದರಂತೆ. ಸೋಡಾ ಅಂದರೆ 'ಬಿಡಿ'. ಇವರು ಗಾಬರಿಯಲ್ಲಿ ಇನ್ನೂ ಒತ್ತುತ್ತಿದ್ದರು. ಐದಾರು ಮಾತಿನ ಅರ್ಥ ಮೊದಲೇ ಕೇಳಿಟ್ಟುಕೊಂಡರೆ ಸಾಕು. ಕೂಗುವ ಮೇಷ್ಟ್ರು ಬೇಡವೆಂದು ಬದಲಿಸಿಕೊಳ್ಳುವುದರಲ್ಲೂ ತಪ್ಪಿಲ್ಲ.

*ಮಾತ್ರೆ ನುಂಗಿ ಓಡಿಸಬೇಡಿ.* ನಡುಕ ನಿಲ್ಲುತ್ತದೆಂದು ಪಕ್ಕದ ಮನೆಯವರ ಪ್ರೊಪ್ರನಲಾಲ್ ತೆಗೆದುಕೊಳ್ಳಬೇಡಿ. ಆಸ್ತಮಾ ಇದ್ದವರಿಗೆ ಅದು ಅಪಾಯ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಕ್ಕರೆ ಇಳಿದ ಲಕ್ಷಣ ಮುಚ್ಚಿಬಿಡುತ್ತದೆ. ನಿದ್ದೆ ಮಾತ್ರೆ, ಮಂಪರು ತರುವ ನೆಗಡಿ ಮಾತ್ರೆಯೂ ಬೇಡ. ಖಾಲಿ ಹೊಟ್ಟೆಗೆ ಎರಡು ಕಪ್ ಸ್ಟ್ರಾಂಗ್ ಕಾಫಿ ಕುಡಿದು ಕ್ಲಾಸಿಗೆ ಹೋದರೂ ಎದೆ ಬಡಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ನೋಡಿಕೊಂಡೇ ಕೂರಬೇಕು, ಏಕೆಂದರೆ ಸಕ್ಕರೆ ಇಳಿದಾಗಲೂ ಇದೇ ನಡುಕ, ಇದೇ ಬೆವರು.

ಹೋದ ವಾರ ಯಜಮಾನರ ಫಾಲೋ-ಅಪ್ ಇತ್ತು. ಕಾರಿನ ಕೀ ಇವರ ಕೈಯಲ್ಲಿತ್ತು. "ಕಾತ್ರಜ್ ಚೌಕದಾಗ ಎರಡು ಸಲ ಬಂದ್ ಬಿತ್ರಿ. ಹಾರ್ನ್ ಹೊಡೀಲಿ ಅಂತ ಬಿಟ್ಟೆ, ಉಸಿರು ಬಿಟ್ಟೆ, ಮತ್ತ ಚಾಲೂ ಮಾಡಿದೆ" ಎಂದರು.

"ಸರ, ಮೊದ್ಲ ನನ್ನ ಬಿಪಿ ನೋಡ್ರಿ" ಎಂದರು ಪಕ್ಕದಲ್ಲಿ ಕೂತು ಬಂದ ಯಜಮಾನರು.

ನೋಡಿದೆ. 124/80. ಇಬ್ಬರೂ ಚೆನ್ನಾಗಿದ್ದಾರೆ.

ನಿಮ್ಮ ಬಳಗದಲ್ಲಿ ಕಾರು ಕಲಿಯಲು ಹೆದರಿ ಅರ್ಧಕ್ಕೆ ಬಿಟ್ಟವರಿದ್ದರೆ ಅವರಿಗೂ ಇದನ್ನು ಕಳುಹಿಸಿ. ಅನುಮಾನವಿದ್ದರೆ ಒಮ್ಮೆ ಹತ್ತಿರದ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಂಡು, ನಾಳೆಯಿಂದಲೇ ಮತ್ತೆ ಶುರು ಮಾಡಿ.