ಈದ್‌ಗೆ ಬಣ್ಣ ಹೊಡೆಸುವ ಮುನ್ನ: ಯಾವ ಕೋಣೆಗೆ ಯಾವ ಪೇಂಟು?

ರಮಝಾನ್ ಅರ್ಧ ಕಳೆಯುವಷ್ಟರಲ್ಲಿ ಮನೆಗಳಲ್ಲಿ ಬಣ್ಣದ ಮಾತು ಶುರುವಾಗುತ್ತದೆ. ಹಸಿರೋ ತಿಳಿನೀಲಿಯೋ ಎಂಬ ಚರ್ಚೆ ರಾತ್ರಿಯಿಡೀ ನಡೆಯುತ್ತದೆ. ಹೊಳಪು ಎಷ್ಟಿರಬೇಕು, ವಾಸನೆ ಎಷ್ಟು ದಿನ ಇರುತ್ತದೆ ಎಂದು ಕೇಳುವವರು ಕಡಿಮೆ. ಹಬ್ಬದ ಆಸುಪಾಸಿನಲ್ಲಿ ಜಡಿಗೇನಹಳ್ಳಿ ಕಡೆಯಿಂದ ದಮ್ಮಿನವರು ಬಂದರೆ ನಾನು ಮೊದಲು ಕೇಳುವುದು, "ಮನೆಗೆ ಬಣ್ಣ ಹೊಡೆಸಿದಿರಾ?" ಎಂದೇ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಲ್ಲಿ ಯುನಾನಿ ವೈದ್ಯವು ಗಾಳಿಯನ್ನೇ ಮೊದಲಿಗೆ ಇಟ್ಟಿದೆ.

ಮಲಗುವ ಕೋಣೆಗೂ ಹಾಲ್‌ಗೂ ನೀರು ಬೆರೆಸುವ ಎಮಲ್ಷನ್ ಸಾಕು. ಹೊಳಪಿಲ್ಲದ ಮ್ಯಾಟ್ ಕಣ್ಣಿಗೆ ಹಿತ, ಗೋಡೆಯ ಏರುತಗ್ಗನ್ನೂ ಮರೆಮಾಡುತ್ತದೆ. ಆದರೆ ಕೊಳೆ ಹೀರಿಕೊಳ್ಳುತ್ತದೆ, ಉಜ್ಜಿದರೆ ಕಲೆ ಉಳಿಯುತ್ತದೆ. ಆದ್ದರಿಂದ ಮಕ್ಕಳು ಕೈಯಾಡಿಸುವ ಗೋಡೆಗೆ ತುಸು ಹೊಳಪಿನ ಸ್ಯಾಟಿನ್ ಒಳ್ಳೆಯದು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಒಗ್ಗರಣೆಯ ಜಿಡ್ಡು ಕೂರುವ ಅಡುಗೆಮನೆಗೆ, ವುಝೂ ಮಾಡುವ ಜಾಗಕ್ಕೆ, ಬಚ್ಚಲಿಗೆ ಇನ್ನೂ ಹೆಚ್ಚಿನ ಹೊಳಪು ಬೇಕು. ನೀರು ಒಳಗೆ ಇಳಿಯುವುದಿಲ್ಲ.

ತೇವ ಏರುವ ಹಳೆಯ ಮಣ್ಣಿನ ಗೋಡೆಯ ಮಾತೇ ಬೇರೆ. ಅದಕ್ಕೆ ದುಬಾರಿ ಪೇಂಟು ಬಳಿದರೆ ತೇವ ಹೊರಹೋಗದೆ ಗುಳ್ಳೆ ಎದ್ದು ಸಿಪ್ಪೆಯಂತೆ ಕಳಚುತ್ತದೆ. ನಮ್ಮ ಅಜ್ಜಿಯರ ಸುಣ್ಣವೇ ಅಲ್ಲಿ ಸರಿ: ಗೋಡೆ ಉಸಿರಾಡುತ್ತದೆ, ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಬೂಷ್ಟಿನ ಮೇಲೆಯೇ ಬಣ್ಣ ಹೊಡೆಸಬೇಡಿ. ಮೊದಲು ನೀರು ಸೋರುವುದನ್ನು ನಿಲ್ಲಿಸಿ, ಬೂಷ್ಟು ತೊಳೆದು ಒಣಗಿಸಿ.

ನನಗೆ ಹೆಚ್ಚು ಭಯವಿರುವುದು ಹಳೆಯ ಬಾಗಿಲು, ಕಿಟಕಿಗಳ ಎಣ್ಣೆ ಪೇಂಟಿನ ಬಗ್ಗೆ. ಅದರಲ್ಲಿ ಸೀಸ ಇರಬಹುದು. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಬಂದದ್ದು 2016ರಲ್ಲಿ. ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೆಯ ಬಣ್ಣವನ್ನು ಒಣದಾಗಿ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದರೆ ಧೂಳು ನೆಲದಲ್ಲಿ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು; ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಅದಕ್ಕಿಲ್ಲ. ನೀರು ಚಿಮುಕಿಸಿ ಉಜ್ಜಿಸಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಗರ್ಭಿಣಿಯರೂ ಮಕ್ಕಳೂ ಆ ಕೆಲಸ ಮುಗಿಯುವವರೆಗೆ ಸಂಬಂಧಿಕರ ಮನೆಯಲ್ಲಿರಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಎಚ್ಚರಿಸಿದವರು. ಹೊಸ ಡಬ್ಬಿ ಕೊಳ್ಳುವಾಗ ಲೇಬಲ್ಲಿನಲ್ಲಿ ಸೀಸದ ಪ್ರಮಾಣ ಓದಿ. ಹೆಸರಿಲ್ಲದ ಅಗ್ಗದ ಡಬ್ಬಿ ಬೇಡ.

ಇನ್ನೊಂದು ಮಾತು. ಪೇಂಟಿನ ವಾಸನೆ ಹೋಗಲೆಂದು ಕೆಲವರು ಲೋಬಾನ ಹಾಕುತ್ತಾರೆ. ವಾಸನೆ ಮುಚ್ಚಿಹೋಗುತ್ತದೆಯೇ ಹೊರತು ಆವಿ ಅಲ್ಲೇ ಇರುತ್ತದೆ, ದಮ್ಮಿನವರಿಗೆ ಹೊಗೆಯೂ ಸೇರಿತು. ಥಿನ್ನರ್ ಬಳಸಿದ ಕೋಣೆಯಲ್ಲಿ ಕೆಂಡ ಇಡುವುದಂತೂ ಬೆಂಕಿಗೆ ಆಹ್ವಾನ. ಎದುರು ಬದುರು ಕಿಟಕಿ ತೆರೆದಿಡಿ. ಚಾಂದ್‌ರಾತ್‌ವರೆಗೆ ಕಾಯದೆ, ಕನಿಷ್ಠ ಹತ್ತು ದಿನ ಮೊದಲೇ ಕೆಲಸ ಮುಗಿಸಿ. ವಾಸನೆ ಪೂರ್ತಿ ಹೋದ ಮೇಲೆ ಮಕ್ಕಳನ್ನೂ ಹಿರಿಯರನ್ನೂ ಅಲ್ಲಿ ಮಲಗಿಸಿ. ಅಷ್ಟರಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.