ಗುಜರಿಗೆ ಬಂದಿತ್ತು ಚಕ್ರವರ್ತಿಯ ಚಿನ್ನದ ಮೊಟ್ಟೆ!
ರಷ್ಯದ ಹಳೆ ಬೆಳ್ಳಿ-ಬಂಗಾರ: ತಕ್ಕಡಿಗಿಂತ ಮುದ್ರೆಗೇ ಬೆಲೆ

ತೂಕ ಎಷ್ಟು, ಇವತ್ತಿನ ದರ ಎಷ್ಟು? ಸರಾಫ ಕಟ್ಟೆಯ ಲೆಕ್ಕ ಇಷ್ಟೇ. ಆದರೆ ರಷ್ಯದ ಹಳೆ ಬೆಳ್ಳಿ-ಬಂಗಾರದ ಅಲಂಕಾರಿಕ ವಸ್ತು ಸಂಗ್ರಹಿಸುವವರಿಗೆ ಈ ಲೆಕ್ಕ ನಡೆಯೋದಿಲ್ಲ. ಅಲ್ಲಿ ತಕ್ಕಡಿಗಿಂತ ಭೂತಗನ್ನಡಿಗೇ ಕೆಲಸ ಜಾಸ್ತಿ.

ಅಮೆರಿಕದ ಗುಜರಿ ವ್ಯಾಪಾರಿಯೊಬ್ಬನ ಕಥೆ ಇದಕ್ಕೆ ಸಾಕ್ಷಿ. ಹಳೆ ಸಾಮಾನಿನ ಸಂತೆಯಲ್ಲಿ ಆತ ಸುಮಾರು 14 ಸಾವಿರ ಡಾಲರ್ ಕೊಟ್ಟು ಪುಟ್ಟ ಚಿನ್ನದ ಮೊಟ್ಟೆ ಕೊಂಡಿದ್ದ. ಕರಗಿಸಿ ಮಾರಿದರೆ 500 ಡಾಲರ್ ಉಳಿದೀತು ಎಂಬ ಆಸೆ. ಕೊಳ್ಳುವವರು ಅಷ್ಟು ಕೊಡಲು ಒಪ್ಪಲಿಲ್ಲ. ಹೀಗಾಗಿ ಮೊಟ್ಟೆ ಮನೆಯಲ್ಲೇ ಉಳಿಯಿತು.

2012ರಲ್ಲಿ ಮೊಟ್ಟೆಯೊಳಗಿನ ಗಡಿಯಾರದ ಮೇಲಿದ್ದ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಗುಟ್ಟು ರಟ್ಟಾಯಿತು. ಅದು 1887ರಲ್ಲಿ ಕಾರ್ಲ್ ಫ್ಯಾಬರ್ಜೆ ಸಂಸ್ಥೆ ಚಕ್ರವರ್ತಿ ಮೂರನೇ ಅಲೆಕ್ಸಾಂಡರ್‌ಗೆ ಮಾಡಿಕೊಟ್ಟಿದ್ದ ಈಸ್ಟರ್ ಮೊಟ್ಟೆ! ರಾಜಮನೆತನಕ್ಕಾಗಿ ತಯಾರಾದ 50 ಮೊಟ್ಟೆಗಳಲ್ಲಿ ಒಂದು. ಸಂಗ್ರಾಹಕರೊಬ್ಬರ ಪರವಾಗಿ ಲಂಡನ್ನಿನ ವಾರ್ಟ್‌ಸ್ಕಿ ಸಂಸ್ಥೆ ಅದನ್ನು ಕೊಂಡು, 2014ರಲ್ಲಿ ಪ್ರದರ್ಶನಕ್ಕಿಟ್ಟಿತು.

1917ರ ಕ್ರಾಂತಿಯ ನಂತರ ಅರಮನೆಯ ಸಂಪತ್ತು ಸರ್ಕಾರದ ವಶವಾಯಿತು. 1920-30ರ ದಶಕಗಳಲ್ಲಿ ವಿದೇಶಿ ಹಣಕ್ಕಾಗಿ ಸೋವಿಯತ್ ಸರ್ಕಾರ ಅದರಲ್ಲಿ ಬಹಳಷ್ಟನ್ನು ಮಾರಿತು. ಇಂಥ ವಸ್ತುಗಳು ಯುರೋಪ್, ಅಮೆರಿಕದ ಮನೆಗಳಿಗೆ ಸೇರಿದ್ದು ಹೀಗೆ.

ಮುದ್ರೆ ಓದೋದು ಹೇಗೆ?

ಸಿಗರೇಟ್ ಡಬ್ಬಿ, ಮೀನಾಕಾರಿ ಮಾಡಿದ ಉಪ್ಪಿನ ಬಟ್ಟಲು, ಚಹಾ ಗ್ಲಾಸು ಕೂರಿಸುವ ಹಿಡಿಕೆ— ಯಾವುದೇ ಇರಲಿ, ಮೊದಲು ನೋಡುವುದು ಅಂಕಿ. ಚಕ್ರವರ್ತಿ ಕಾಲದ ರಷ್ಯದಲ್ಲಿ ಶುದ್ಧತೆಯ ಅಳತೆ ‘ಜೊಲೊತ್ನಿಕ್’ ಆಗಿತ್ತು. 96 ಅಂದ್ರೆ ಅಪ್ಪಟ. ಬೆಳ್ಳಿಯ ಮೇಲೆ 84 ಇದ್ದರೆ ಶೇ 87.5ರಷ್ಟು ಶುದ್ಧ. ಚಿನ್ನದ ಮೇಲೆ 56 ಇದ್ದರೆ ನಮ್ಮ ಲೆಕ್ಕದಲ್ಲಿ 14 ಕ್ಯಾರೆಟ್. 1899ರಿಂದ ಇದರ ಜತೆ ‘ಕೊಕೊಶ್ನಿಕ್’ ಎಂಬ ಶಿರೋಭೂಷಣ ತೊಟ್ಟ ಹೆಣ್ಣಿನ ಮುಖದ ಮುದ್ರೆ ಬಂತು. ಮುಖ ಎಡಕ್ಕಿದ್ದರೆ 1908ಕ್ಕಿಂತ ಹಿಂದಿನದು, ಬಲಕ್ಕಿದ್ದರೆ ನಂತರದ್ದು. 875 ಎಂಬ ಅಂಕಿಯಿದ್ದರೆ ಅದು ಚಕ್ರವರ್ತಿ ಕಾಲದ್ದಲ್ಲ, ಸೋವಿಯತ್ ಕಾಲದ್ದು.

ನಕಲಿ ಹಾವಳಿಯೂ ಕಡಿಮೆ ಇಲ್ಲ. ನಿಜವಾದ ಹಳೆ ಬೆಳ್ಳಿಯ ಮೇಲೇ ಫ್ಯಾಬರ್ಜೆ ಹೆಸರಿನ ಸುಳ್ಳು ಮುದ್ರೆ ಒತ್ತಿ ಮಾರುವವರಿದ್ದಾರೆ. ಅದಕ್ಕೇ ಮುದ್ರೆ ಒಂದನ್ನೇ ನಂಬಿ ಹಣ ಎಣಿಸಬಾರದು. ಹಳೆ ರಸೀದಿ, ಫೋಟೊ, ಹರಾಜಿನ ಕ್ಯಾಟಲಾಗ್ ಕೂಡ ತಾಳೆಯಾಗಬೇಕು. ಗುಜರಿ ವ್ಯಾಪಾರಿಯ ಮೊಟ್ಟೆಯ ಗುರುತಿಗೆ ಆಧಾರವಾಗಿದ್ದೂ 1902ರ ಪ್ರದರ್ಶನದ ಫೋಟೊ ಮತ್ತು 1964ರ ನ್ಯೂಯಾರ್ಕ್ ಹರಾಜಿನ ಕ್ಯಾಟಲಾಗ್. ಆ ಹರಾಜಿನಲ್ಲಿ ಅದು ಮಾರಾಟವಾಗಿದ್ದು ಬರೀ 2,450 ಡಾಲರಿಗೆ. ಅದು ಯಾರು ಮಾಡಿದ್ದು ಅನ್ನೋದೇ ಅವತ್ತು ಯಾರಿಗೂ ಗೊತ್ತಿರಲಿಲ್ಲ.