ತಂತಿಯಿಲ್ಲದೆ ಮನೆಗೆ ಬರುವ ಇಂಟರ್ನೆಟ್ ಮತ್ತು ನಮ್ಮ ಕನ್ನಡ ತರಗತಿ



ಹೊಸೂರು, ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ, ತಳಿ, ಕೃಷ್ಣಗಿರಿ ಕಡೆಯ ಮಕ್ಕಳಿಗಾಗಿ ಸಂಘ ಭಾನುವಾರ ಸಂಜೆ ನಡೆಸುವ ಆನ್‌ಲೈನ್ ಕನ್ನಡ ತರಗತಿಯ ಬಗ್ಗೆ ಪೋಷಕರಿಂದ ಒಂದೇ ಬಗೆಯ ದೂರು ಬರುತ್ತಿದೆ. "ಸಿಗ್ನಲ್ ಪೂರ್ತಿ ಇದೆ, ಯೂಟ್ಯೂಬ್ ಚೆನ್ನಾಗಿ ಓಡುತ್ತೆ, ಮೇಷ್ಟ್ರು ಹೇಳೋದು ನಮಗೆ ಕೇಳಿಸುತ್ತೆ. ನಮ್ಮ ಮಗು ಓದೋದು ಮಾತ್ರ ಮೇಷ್ಟ್ರಿಗೆ ಕೇಳಿಸೋದಿಲ್ಲ." ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂದ ಮೇಲೆ ಶಾಲೆಯಲ್ಲಿ ತಮಿಳು ಕಡ್ಡಾಯವಾಗಿದೆ. ಮಕ್ಕಳು ತಮಿಳನ್ನೂ ಚೆನ್ನಾಗಿ ಕಲಿಯಲಿ. ಆದರೆ ಎಷ್ಟೋ ಮನೆಗಳಲ್ಲಿ ಕನ್ನಡ ಓದಿಗೆ ಉಳಿದಿರುವುದು ವಾರದ ಈ ಒಂದು ಗಂಟೆ ಮಾತ್ರ. ಮಗು ಗಟ್ಟಿಯಾಗಿ ಓದಬೇಕು, ಮೇಷ್ಟ್ರು ತಿದ್ದಬೇಕು. ಅದೇ ನಡೆಯದಿದ್ದರೆ ತರಗತಿ ಹೆಸರಿಗೆ ಮಾತ್ರ.

ಇದಕ್ಕೆ ಕಾರಣ ಮಗುವೂ ಅಲ್ಲ, ಮೇಷ್ಟ್ರೂ ಅಲ್ಲ. ಟವರ್ ಮೂಲಕ ಬರುವ ಇಂಟರ್ನೆಟ್ ನಡೆಯುವ ಬಗೆಯೇ ಬೇರೆ. ಅದನ್ನು ತಿಳಿದರೆ ಪರಿಹಾರವೂ ತಿಳಿಯುತ್ತದೆ. ಆದ್ದರಿಂದ ಈ ಬರಹ.

ಗಡಿಯ ಎರಡೂ ಕಡೆ ಬಂದ ಬಗೆ

ಬ್ರಾಡ್‌ಬ್ಯಾಂಡನ್ನು ಗಾಳಿಯ ಮೂಲಕ ಕೊಡುವ ತರಂಗಗಳನ್ನು ಕೇಂದ್ರ ಸರ್ಕಾರ 2010ರ ಮೇ 24ರಿಂದ ಜೂನ್ 11ರವರೆಗೆ ಹರಾಜು ಹಾಕಿತು. ದೇಶವನ್ನು 22 ದೂರಸಂಪರ್ಕ ವಲಯಗಳಾಗಿ ವಿಂಗಡಿಸಿದ್ದರು. ಹರಾಜಿನಲ್ಲಿ ಸುಮಾರು 38,500 ಕೋಟಿ ರೂಪಾಯಿ ಬಂತು. ಕರ್ನಾಟಕ ವಲಯ ಇನ್ಫೋಟೆಲ್ ಮತ್ತು ಏರ್‌ಟೆಲ್‌ಗೆ ಹೋಯಿತು. ತಮಿಳುನಾಡು ವಲಯ ಇನ್ಫೋಟೆಲ್ ಮತ್ತು ಏರ್‌ಸೆಲ್‌ಗೆ. ಅಂದರೆ ಅತ್ತಿಬೆಲೆಯಲ್ಲಿ ಒಬ್ಬರು, ಜೂಜುವಾಡಿ ದಾಟಿದರೆ ಇನ್ನೊಬ್ಬರು. 22 ವಲಯಗಳಲ್ಲೂ ಗೆದ್ದ ಇನ್ಫೋಟೆಲ್ಲನ್ನು ರಿಲಯನ್ಸ್ ಕೊಂಡುಕೊಂಡಿತು. ಅದೇ ಮುಂದೆ ಜಿಯೋ ಆಯಿತು, 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ನಮ್ಮ ಕಡೆಯವರು ನಂಬರ್ ಉಳಿಸಿಕೊಳ್ಳಲು ಓಡಾಡಿದ್ದು ನಿಮಗೆ ನೆನಪಿರಬಹುದು.

ಹರಾಜಿನ ಕಾಲಕ್ಕೆ ಮಾತಿನಲ್ಲಿದ್ದ ತಂತ್ರಜ್ಞಾನ ವೈಮ್ಯಾಕ್ಸ್. ಬಿಎಸ್‌ಎನ್‌ಎಲ್ ಅದನ್ನೇ ಹಳ್ಳಿಗಳ ಕಡೆ ಹಾಕಿತು. ಆಮೇಲೆ 4ಜಿ ಅದರ ಜಾಗ ಹಿಡಿಯಿತು. 2023ರಲ್ಲಿ ಮಾಳಿಗೆಯ ಮೇಲೆ ಡಬ್ಬಿ ಕೂರಿಸಿ 5ಜಿಯನ್ನು ಮನೆಗೆ ತರುವ 'ಏರ್‌ಫೈಬರ್' ಬಂತು. ಹೆಸರಿನಲ್ಲಿ ಫೈಬರ್ ಇದ್ದರೂ ಟವರ್‌ನಿಂದ ಮನೆಯವರೆಗೆ ಇರುವುದು ಗಾಳಿಯೇ. ಹೆಸರು ಬದಲಾದರೂ ಒಳಗಿನ ಲೆಕ್ಕಾಚಾರ ಬಹುಮಟ್ಟಿಗೆ ಒಂದೇ.

ಕೂಗಿ ಕೇಳುವ ಕಚೇರಿ, ಕೂಗಲಾಗದ ಕಚೇರಿ

ಇಂಟರ್ನೆಟ್ಟಿನಲ್ಲಿ ಎಲ್ಲವೂ ಸಣ್ಣ ಸಣ್ಣ ಲಕೋಟೆಗಳಾಗಿ ಹೋಗುತ್ತದೆ. ಪ್ರತಿ ಲಕೋಟೆಯ ಮೇಲೂ 'ಇಂದ', 'ಗೆ' ವಿಳಾಸ ಇರುತ್ತದೆ. ಈ ನಿಯಮಕ್ಕೆ ಐಪಿ ಎಂದು ಹೆಸರು. ಇದು ಬೆಳೆದದ್ದು ತಂತಿಯ ಜಾಲದಲ್ಲಿ. ಅಲ್ಲಿ ಒಂದೇ ಜಾಲದಲ್ಲಿರುವ ಯಂತ್ರಗಳಿಗೆಲ್ಲ ಕೂಗು ಕೇಳಿಸುತ್ತದೆ. "ಈ ವಿಳಾಸ ಯಾರದಪ್ಪಾ?" ಎಂದು ಒಂದು ಕೂಗು ಹಾಕಿದರೆ ವಿಳಾಸದವನು "ನನ್ನದು" ಎನ್ನುತ್ತಾನೆ. 1982ರಿಂದ ಈ ಕೂಗಿಗೂ ನಿಯಮ ಇದೆ. ಒಂದೇ ಹಾಲಿನಲ್ಲಿ ಎಲ್ಲ ಗುಮಾಸ್ತರೂ ಕೂತ ಹಳೆಯ ಕಚೇರಿಯಂತೆ.

ಟವರ್ ಜಾಲದಲ್ಲಿ ಹಾಗಿಲ್ಲ. ಪ್ರತಿ ಮನೆಯ ಡಬ್ಬಿ ಟವರ್ ಜತೆ ಮಾತ್ರ ಮಾತನಾಡುತ್ತದೆ. ಪಕ್ಕದ ಮನೆಯ ಡಬ್ಬಿಗೆ ಅದರ ಕೂಗು ಕೇಳಿಸುವುದಿಲ್ಲ. ಟವರ್ ಪ್ರತಿ ಸಂಪರ್ಕಕ್ಕೂ ಒಂದು ನಂಬರ್ ಕೊಟ್ಟು, ಲಕೋಟೆ ಯಾವ ನಂಬರಿಗೆ ಸೇರಬೇಕು ಎಂದು ಟಪಾಲು ವಿಭಾಗದ ಹಾಗೆ ವಿಂಗಡಿಸುತ್ತದೆ. ಕೂಗಾಟವನ್ನು ನಂಬಿದ ಐಪಿ ಕೂಗಲಾಗದ ಈ ಕಚೇರಿಯಲ್ಲಿ ಹೇಗೆ ನಡೆಯಬೇಕು? ಇಂಟರ್ನೆಟ್ಟಿನ ನಿಯಮ ರೂಪಿಸುವ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ವೈಮ್ಯಾಕ್ಸ್‌ಗಾಗಿ ಇದನ್ನು ಬಿಡಿಸಲು ಕೂತಿತು. 2007ರಿಂದ 2010ರವರೆಗೆ ಒಂದೊಂದಾಗಿ ದಾಖಲೆ ಹೊರಟವು. ಸಮಸ್ಯೆ ಏನು ಎಂದು ವಿವರಿಸಿದ ದಾಖಲೆ ಆರ್‌ಎಫ್‌ಸಿ 5154, 2008ರ ಏಪ್ರಿಲ್‌ನದು. ಐಪಿಯ ಹೊಸ ಆವೃತ್ತಿಗೆ ಉತ್ತರ ಕೊಟ್ಟ ಆರ್‌ಎಫ್‌ಸಿ 5121 ಅದೇ ವರ್ಷ ಫೆಬ್ರವರಿಯದು.

ಉತ್ತರದ ಸಾರ ಇಷ್ಟು: ಒಂದು ಟವರ್ ಕೆಳಗಿನ ಮನೆಗಳನ್ನೆಲ್ಲ ಒಂದೇ ಹಾಲಿನಲ್ಲಿ ಕೂರಿಸಬೇಡಿ. ಪ್ರತಿ ಮನೆಗೂ ಜಾಲದ ಬಾಗಿಲವರೆಗೆ ಪ್ರತ್ಯೇಕ ಓಣಿ ಎಂದು ಭಾವಿಸಿ, ಆ ಓಣಿಗೆ ಅದರದೇ ವಿಳಾಸದ ಗುಚ್ಛ ಕೊಡಿ. ವೈಮ್ಯಾಕ್ಸ್ ಹೋದರೂ ಈ ವಿಚಾರ ಹೋಗಲಿಲ್ಲ. 4ಜಿ, 5ಜಿಯಲ್ಲೂ ಪ್ರತಿ ಫೋನಿಗೆ ಹೀಗೆಯೇ ಪ್ರತ್ಯೇಕ ಓಣಿ. ಹಾಗಾಗಿ ಪಕ್ಕದ ಮನೆಗೆ ಕಳಿಸಿದ ಫೋಟೋ ಕೂಡ ಟವರ್ ಹತ್ತಿ, ದೂರದ ಊರಿನ ಯಂತ್ರ ಮುಟ್ಟಿ ಮತ್ತೆ ಇಳಿದು ಬರುತ್ತದೆ.

ಇಳಿಯುವುದು ಸುಲಭ, ಏರುವುದು ಕಷ್ಟ

ಈಗ ಮಗುವಿನ ಧ್ವನಿಯ ವಿಷಯ. ಟವರ್‌ನಿಂದ ಮನೆಗೆ ಇಳಿಯುವ ಮಾಹಿತಿಗೆ ಟವರ್ ತಾನೇ ಸರದಿ ಗೊತ್ತುಮಾಡಿ ಕಳಿಸುತ್ತದೆ. ಮನೆಯಿಂದ ಟವರ್‌ಗೆ ಏರುವ ಮಾಹಿತಿಗೆ ಮಾತ್ರ ಡಬ್ಬಿ ಮೊದಲು ಇಂಡೆಂಟ್ ಹಾಕಬೇಕು: "ನನ್ನ ಹತ್ತಿರ ಇಷ್ಟು ಇದೆ, ಸಮಯ ಕೊಡಿ". ಮಂಜೂರಾದ ಮೇಲೆಯೇ ಕಳಿಸಬೇಕು. 2010ರಲ್ಲಿ ಹರಾಜಾದ ತರಂಗಗಳಲ್ಲಿ ಇಳಿಯುವುದಕ್ಕೂ ಏರುವುದಕ್ಕೂ ಒಂದೇ ದಾರಿ, ಸರದಿಯ ಮೇಲೆ ಬಳಕೆ. ಜನ ನೋಡುವುದೇ ಹೆಚ್ಚು, ಕಳಿಸುವುದು ಕಡಿಮೆ ಎಂದು ಕಂಪನಿಗಳು ಇಳಿಯುವುದಕ್ಕೆ ಹೆಚ್ಚು ಸಮಯ ಇಡುತ್ತವೆ. ಭಾನುವಾರ ಸಂಜೆ ಟವರ್ ಕೆಳಗಿನ ಎಲ್ಲ ಮನೆಯಲ್ಲೂ ಸಿನಿಮಾ, ಕ್ರಿಕೆಟ್. ಮೊದಲೇ ಕಡಿಮೆ ಇದ್ದ ಏರುವ ಪಾಲಿಗೆ ಆಗ ಇನ್ನಷ್ಟು ಇಕ್ಕಟ್ಟು. ಮಗುವಿನ ಓದು ಸಿಕ್ಕಿಕೊಳ್ಳುವುದು ಇಲ್ಲೇ.

ಇನ್ನೊಂದು ಕಾರಣವೂ ಇದೆ. ತಳಿ, ಅಂಚೆಟ್ಟಿ ಕಡೆಯ ಗುಡ್ಡ, ಮರ, ಮಳೆಗೆ ಗಾಳಿಯಲ್ಲಿ ಲಕೋಟೆಗಳು ಕೆಡುತ್ತವೆ. ಕೆಟ್ಟದ್ದನ್ನು ಮತ್ತೆ ಕಳಿಸುವ ಏರ್ಪಾಡಿದೆ, ಆದರೆ ಅಷ್ಟರಲ್ಲಿ ಸಮಯ ಹೋಗುತ್ತದೆ. ಯೂಟ್ಯೂಬ್ ಮುಂದಿನ ಭಾಗವನ್ನು ಮೊದಲೇ ತರಿಸಿಟ್ಟುಕೊಳ್ಳುವುದರಿಂದ ಅದಕ್ಕೆ ತೊಂದರೆ ಇಲ್ಲ. ನೇರ ಮಾತು ಕಾಯುವುದಿಲ್ಲ. ತಡವಾಗಿ ಬಂದ ಅಕ್ಷರವನ್ನು ಬಿಟ್ಟು ಮುಂದೆ ಹೋಗುತ್ತದೆ. "ಕಮಲ" ಎಂದು ಮಗು ಓದಿದರೆ ಮೇಷ್ಟ್ರಿಗೆ "ಕ... ಲ" ಎಂದಷ್ಟೇ ಕೇಳುತ್ತದೆ.

ವಿಳಾಸ ನಮ್ಮದೊಬ್ಬರದೇ ಅಲ್ಲ

ಹಳೆಯ ಐಪಿಯಲ್ಲಿ ಒಟ್ಟು ವಿಳಾಸ ಸುಮಾರು 430 ಕೋಟಿ ಮಾತ್ರ. ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂದು ರೇಷನ್ ಶುರುವಾಯಿತು. ಹಾಗಾಗಿ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ನಿಮ್ಮ ರೂಟರ್‌ನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಆರಂಭವಾಗಿದ್ದರೆ ಅದು ಹಂಚಿಕೆಯ ವಿಳಾಸ. ಊರಿನ ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡಲಾಗದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಡೆಂಕಣಿಕೋಟೆಯಲ್ಲಿ ಕೂತವರನ್ನು ಜಾಲತಾಣಗಳು ಚೆನ್ನೈಯವರು ಎಂದುಕೊಳ್ಳುವುದೂ ಇದರಿಂದಲೇ ಇರಬಹುದು. ಆದ್ದರಿಂದ ಫೋನ್ ತಾನಾಗಿ ಕನ್ನಡ ತೋರಿಸಲಿ ಎಂದು ಕಾಯಬೇಡಿ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಎಂದು ನೀವೇ ಇಡಿ. ಹೊಸ ಐಪಿ, ಅಂದರೆ ಆರನೇ ಆವೃತ್ತಿಯಲ್ಲಿ ವಿಳಾಸಕ್ಕೆ ಬರವಿಲ್ಲ.

ನಾವು ಮಾಡಬಹುದಾದದ್ದು

1. ತರಗತಿಯಲ್ಲಿ ಮಗುವಿನ ವಿಡಿಯೋ ಆಫ್ ಮಾಡಿ, ಧ್ವನಿ ಮಾತ್ರ ಇಡಿ. ಧ್ವನಿಗಿಂತ ವಿಡಿಯೋಗೆ ಹಲವು ಪಟ್ಟು ಹೆಚ್ಚು ಏರುವ ಜಾಗ ಬೇಕು.

2. ಆ ಒಂದು ಗಂಟೆ ಮನೆಯ ಎಲ್ಲ ಫೋನ್‌ಗಳಲ್ಲಿ ಫೋಟೋ ಬ್ಯಾಕಪ್ ನಿಲ್ಲಿಸಿ. ಯಾರಿಗೂ ತಿಳಿಯದೆ ಏರುವ ದಾರಿಯನ್ನು ತುಂಬುವುದು ಅದೇ.

3. ಸ್ಪೀಡ್ ಟೆಸ್ಟ್ ಮಾಡುವಾಗ ಡೌನ್‌ಲೋಡ್ ನೋಡಿ ಸಮಾಧಾನಪಡಬೇಡಿ. ಅಪ್‌ಲೋಡ್ ನೋಡಿ. ಮಧ್ಯಾಹ್ನ ಅಲ್ಲ, ತರಗತಿಯ ಸಮಯದಲ್ಲೇ ನೋಡಿ.

4. ಮಾಳಿಗೆಯ ಡಬ್ಬಿಗೂ ಟವರ್‌ಗೂ ನಡುವೆ ನೀರಿನ ಟ್ಯಾಂಕ್, ತೆಂಗಿನ ಮರ ಅಡ್ಡ ಇದ್ದರೆ ಜಾಗ ಬದಲಿಸಿ ಕೊಡಲು ಕಂಪನಿಯವರನ್ನು ಕೇಳಿ.

5. ಹೊಸದಾಗಿ ಸಂಪರ್ಕ ತೆಗೆದುಕೊಳ್ಳುವವರು ಅಪ್‌ಲೋಡ್ ಎಷ್ಟು, ಐಪಿ ಆರನೇ ಆವೃತ್ತಿ ಇದೆಯೇ ಎಂದು ಕೇಳಿ. ನಿಮ್ಮ ಬೀದಿಗೆ ನಿಜವಾದ ಫೈಬರ್ ತಂತಿ ಬಂದಿದ್ದರೆ ತರಗತಿಗೆ ಅದೇ ಮೇಲು.

6. ಏನು ಮಾಡಿದರೂ ಆಗದಿದ್ದರೆ ಮಗು ಪಾಠ ಓದಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಿ. ನೇರ ಮಾತಿನ ಹಾಗಲ್ಲದೆ ಇದರಲ್ಲಿ ಕೆಟ್ಟ ಲಕೋಟೆ ಮತ್ತೆ ಬರುವವರೆಗೂ ಕಾಯುವ ವ್ಯವಸ್ಥೆ ಇದೆ. ತಡವಾದರೂ ಅಕ್ಷರ ತಪ್ಪುವುದಿಲ್ಲ. ಮೇಷ್ಟ್ರು ಕೇಳಿ ತಿದ್ದಿ ಕಳಿಸುತ್ತಾರೆ.

ತರಗತಿಯನ್ನು ಸಂಜೆಯಿಂದ ಭಾನುವಾರ ಬೆಳಿಗ್ಗೆಗೆ ಬದಲಿಸುವ ವಿಷಯ ಸಮಿತಿಯ ಮುಂದಿನ ಸಭೆಗೆ ಬರಲಿದೆ. ಅದಕ್ಕೆ ಮೊದಲು ಪೋಷಕರು ಒಂದು ಭಾನುವಾರ ಬೆಳಿಗ್ಗೆ, ಒಂದು ಭಾನುವಾರ ಸಂಜೆ ಅಪ್‌ಲೋಡ್ ಅಳೆದು, ಊರಿನ ಹೆಸರಿನೊಂದಿಗೆ ಸಂಘದ ಗುಂಪಿಗೆ ಕಳಿಸಬೇಕಾಗಿ ಕೋರಿಕೆ. ಊಹೆಯ ಮೇಲೆ ಸಮಯ ಬದಲಿಸುವುದಕ್ಕಿಂತ ಅಂಕಿ ನೋಡಿ ಬದಲಿಸುವುದು ಒಳ್ಳೆಯದು. ಯಾವ ಊರಿನ ಮಗುವೂ ನೆಟ್‌ನಿಂದಾಗಿ ಕನ್ನಡ ಓದು ಬಿಡುವಂತಾಗಬಾರದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ